ಎಚ್‌ಐವಿ ಸೇವೆ: ಮರ್ಫಿ ಟೌನ್‌ನ ಅಹವಾಲು

ಎಚ್‌ಐವಿ ಎಂಬ ಪದ ಪತ್ರಿಕೆಗಳ ಮುಖಪುಟದಿಂದ ಮರೆಯಾಗಿ ವರ್ಷಗಳೇ ಉರುಳಿವೆ. ಡಿಸೆಂಬರ್ 1ರಂದು ಒಂದು ಜಾಥಾ, ಎದೆಗೊಂದು ಕೆಂಪು ರಿಬ್ಬನ್, ಸಚಿವರ ಸಂದೇಶ. ಅಲ್ಲಿಗೆ ನಮ್ಮ ಆಸಕ್ತಿ ಮುಗಿಯುತ್ತದೆ. ಚಿಕಿತ್ಸೆ ಉಚಿತ, ಮಾತ್ರೆ ಸಿಗುತ್ತಿದೆ, ಇನ್ನೇನು ಬೇಕು ಎಂಬ ಭಾವನೆ ಆಡಳಿತದಲ್ಲೂ ಜನರಲ್ಲೂ ನೆಲೆಯೂರಿದೆ. ಮರ್ಫಿ ಟೌನ್‌ನಂಥ ಬಡಾವಣೆಯಲ್ಲಿ ನಿಂತು ನೋಡಿದರೆ ಈ ನೆಮ್ಮದಿಗೆ ಹೆಚ್ಚಿನ ಆಧಾರವಿಲ್ಲ ಎಂದು ನನಗೆ ಅನ್ನಿಸುತ್ತದೆ.

ಹಿಂದೆ ನಾಕ್ಸ್‌ಪೇಟೆ ಎಂದು ಕರೆಸಿಕೊಳ್ಳುತ್ತಿದ್ದ ಮರ್ಫಿ ಟೌನ್ ದಂಡು ಪ್ರದೇಶದ ದುಡಿಯುವ ವರ್ಗಕ್ಕಾಗಿ ರೂಪುಗೊಂಡ ಬಡಾವಣೆ. ಗೋಡೆಗೆ ಗೋಡೆ ತಾಗಿದ ಮನೆಗಳು. ತಮಿಳು, ಕನ್ನಡ, ಉರ್ದು, ತೆಲುಗು ಒಂದೇ ಬೀದಿಯಲ್ಲಿ ಕೇಳಿಬರುವ ಊರಿದು. ಇಲ್ಲಿಂದ ಹಲಸೂರು ದಾಟಿದರೆ ಶಿವಾಜಿನಗರದ ಬೌರಿಂಗ್ ಮತ್ತು ಲೇಡಿ ಕರ್ಜನ್ ಆಸ್ಪತ್ರೆ. ಕೇಂದ್ರ ಸರ್ಕಾರ 2004ರ ಏಪ್ರಿಲ್ 1ರಂದು ಎಚ್‌ಐವಿ ಸೋಂಕಿತರಿಗೆ ಉಚಿತ ಎಆರ್‌ಟಿ ಚಿಕಿತ್ಸೆ ಆರಂಭಿಸಿದಾಗ ದೇಶದ ಮೊದಲ ಕೆಲವೇ ಕೇಂದ್ರಗಳಲ್ಲಿ ಬೌರಿಂಗ್ ಕೂಡ ಒಂದಾಗಿತ್ತು. ಆಗ ಕರ್ನಾಟಕವು ಹೆಚ್ಚು ಸೋಂಕಿನ ಆರು ರಾಜ್ಯಗಳ ಪಟ್ಟಿಯಲ್ಲಿತ್ತು.

ಆದರೆ ಲೈಂಗಿಕ ಆರೋಗ್ಯದ ಹೆಸರಿನಲ್ಲಿ ದಂಡು ಪ್ರದೇಶ ಕಂಡ ಮೊದಲ ಸಂಸ್ಥೆಗೆ ಇಂಥ ಉದಾರ ಮುಖವಿರಲಿಲ್ಲ. ಬ್ರಿಟಿಷರ ಕಾಲದ ಇತರ ದಂಡುಗಳಂತೆ ಬೆಂಗಳೂರಿನಲ್ಲೂ 'ಲಾಕ್ ಆಸ್ಪತ್ರೆ' ಇತ್ತು. 1864ರ ಕಂಟೋನ್ಮೆಂಟ್ ಕಾಯ್ದೆ ಹಾಗೂ 1868ರ ಸಾಂಕ್ರಾಮಿಕ ರೋಗಗಳ ಕಾಯ್ದೆಯ ಬಲದಿಂದ ಲೈಂಗಿಕ ವೃತ್ತಿಯ ಹೆಂಗಸರನ್ನು ನೋಂದಣಿ ಮಾಡಿ, ಬಲವಂತವಾಗಿ ತಪಾಸಣೆಗೊಳಪಡಿಸಿ, ರೋಗವಿದ್ದರೆ ಕೂಡಿಹಾಕಲಾಗುತ್ತಿತ್ತು. ರಕ್ಷಣೆ ಬೇಕಾಗಿದ್ದುದು ಗೋರಾ ಸಿಪಾಯಿಗೆ. ಬಂಧನ ಮಾತ್ರ ಹೆಣ್ಣಿಗೆ. ಇಂಗ್ಲೆಂಡ್‌ನಲ್ಲಿ ಜೋಸೆಫಿನ್ ಬಟ್ಲರ್ ಮೊದಲಾದವರು ನಡೆಸಿದ ದೀರ್ಘ ಚಳವಳಿಯ ಫಲವಾಗಿ ಈ ವ್ಯವಸ್ಥೆ 1888ರಲ್ಲಿ ಭಾರತದಲ್ಲೂ ಕಾನೂನುಬದ್ಧ ಬಲ ಕಳೆದುಕೊಂಡಿತು. ಮನೋಭಾವ ಅಷ್ಟು ಬೇಗ ಸಾಯಲಿಲ್ಲ. 1989ರಲ್ಲಿ ಗೋವಾದ ಡಾಮ್ನಿಕ್ ಡಿಸೋಜ ಅವರನ್ನು ಎಚ್‌ಐವಿ ಇದೆಯೆಂಬ ಒಂದೇ ಕಾರಣಕ್ಕೆ 64 ದಿನ ಬಂಧನದಲ್ಲಿಟ್ಟದ್ದು ಇದೇ ಲಾಕ್ ಆಸ್ಪತ್ರೆಯ ಬುದ್ಧಿಯಿಂದ.

ಈ ಬುದ್ಧಿಯನ್ನು ಬದಲಿಸಿದವರು ಅಧಿಕಾರಿಗಳಾಗಲೀ ವೈದ್ಯರಾಗಲೀ ತಾವಾಗಿಯೇ ಮುಂದೆ ಬಂದಲ್ಲ. ಸೇವೆ ಯಾರಿಗಾಗಿ ಇತ್ತೋ ಅವರ ಒತ್ತಡದಿಂದ ಬದಲಾವಣೆ ಬಂತು. 1993ರಲ್ಲಿ ಆರಂಭವಾದ 'ಸಂರಕ್ಷ', 1999ರ 'ಸಂಗಮ', ಬಳಿಕ ಲೈಂಗಿಕ ವೃತ್ತಿನಿರತ ಮಹಿಳೆಯರೇ ಕಟ್ಟಿದ 'ಸ್ವಾತಿ ಮಹಿಳಾ ಸಂಘ', ಸೋಂಕಿತರ ಜಾಲಗಳು — ಇವೆಲ್ಲ ಬೆಂಗಳೂರಿನಲ್ಲಿ ಬೆಳೆದ ಬಗೆಯೇ ಒಂದು ಪಾಠ. 2003ರಲ್ಲಿ ಪಿಯುಸಿಎಲ್‌ನ ಕರ್ನಾಟಕ ಘಟಕ ಬೆಂಗಳೂರಿನ ಹಿಜಡಾ ಮತ್ತು ಕೋಥಿ ಸಮುದಾಯದ ಮೇಲಿನ ದೌರ್ಜನ್ಯಗಳನ್ನು ದಾಖಲಿಸಿದ ವರದಿ ಪ್ರಕಟಿಸಿತು. ಓದಿದವರಿಗೆ ಒಂದು ವಿಷಯ ಸ್ಪಷ್ಟವಾಗಿರಬೇಕು: ಪೊಲೀಸ್ ಲಾಠಿಗೆ ಹೆದರಿ ಅಡಗಿಕೊಳ್ಳುವವರನ್ನು ಯಾವ ಆರೋಗ್ಯ ಕಾರ್ಯಕರ್ತೆಯೂ ತಲುಪಲಾರಳು.

ಇದು ಭಾವುಕತೆಯ ಮಾತಲ್ಲ. ಕರ್ನಾಟಕದ ಲೈಂಗಿಕ ವೃತ್ತಿನಿರತ ಮಹಿಳೆಯರ ಬಗ್ಗೆ 2010ರಲ್ಲಿ ಪ್ರಕಟವಾದ ಅಧ್ಯಯನವೊಂದು, ಹಿಂಸೆಗೆ ಗುರಿಯಾದವರಲ್ಲಿ ಕಾಂಡೋಮ್ ಬಳಕೆ ಕಡಿಮೆಯೆಂದೂ ಗೊನೋರಿಯಾ ಸೋಂಕು ಹೆಚ್ಚೆಂದೂ ತೋರಿಸಿತು. ಸಮುದಾಯದ ತಂಡಗಳು, ವಕೀಲರು, ಪೊಲೀಸರೊಂದಿಗಿನ ಮಾತುಕತೆ ಸೇರಿದ ಕಾರ್ಯಕ್ರಮ ನಡೆದ ಮೇಲೆ ಹಿಂಸೆ ಇಳಿಯಿತು. ಗೇಟ್ಸ್ ಪ್ರತಿಷ್ಠಾನದ ನೆರವಿನಿಂದ 2003ರಲ್ಲಿ ಆರಂಭವಾದ 'ಆವಾಹನ್' ಯೋಜನೆ ಕರ್ನಾಟಕವೂ ಸೇರಿದ ಆರು ರಾಜ್ಯಗಳಲ್ಲಿ 2008ರವರೆಗೆ ಸುಮಾರು 1 ಲಕ್ಷ ಸೋಂಕುಗಳನ್ನು ತಪ್ಪಿಸಿತೆಂದು 'ಲ್ಯಾನ್ಸೆಟ್' ಪತ್ರಿಕೆ 2011ರಲ್ಲಿ ಅಂದಾಜಿಸಿತು. ಅಂದಾಜು ಅಂದಾಜೇ, ನಿಜ. ಆದರೂ ಓರಗೆಯವಳೊಬ್ಬಳು ಬೀದಿಯಲ್ಲಿ ಕುಳಿತು ಹೇಳಿದ ಮಾತು ಗೋಡೆಯ ಮೇಲಿನ ಭಿತ್ತಿಪತ್ರಕ್ಕಿಂತ ಹೆಚ್ಚು ದೂರ ಹೋಯಿತೆಂಬುದನ್ನು ಅಲ್ಲಗಳೆಯುವವರು ವಿರಳ.

ಆ ಯೋಜನೆಯ ಹಣ ನಿಂತು, ಹೊಣೆ ಹಂತಹಂತವಾಗಿ ಸರ್ಕಾರಕ್ಕೆ ಬಂತು. ಬರಬೇಕಾದದ್ದೇ. ಆದರೆ ಸರ್ಕಾರಿ ವ್ಯವಸ್ಥೆಯ ಗಡಿಯಾರ ಬೇರೆ. 2022–23ರಲ್ಲಿ 'ನಮ್ಮ ಕ್ಲಿನಿಕ್'ಗಳು ಆರಂಭವಾದಾಗ ನಿಗದಿಯಾದ ವೇಳೆ ಬೆಳಿಗ್ಗೆ 9ರಿಂದ ಸಂಜೆ 4.30. ಬಣ್ಣ ಹೊಡೆಯುವವನು, ಮನೆಗೆಲಸದಾಕೆ, ಆಟೊ ಚಾಲಕ ದುಡಿಯುವ ಹೊತ್ತೂ ಅದೇ. ಪರೀಕ್ಷೆಗೆ ಒಂದು ದಿನ, ಫಲಿತಾಂಶಕ್ಕೋ ಸಮಾಲೋಚನೆಗೋ ಇನ್ನೊಂದು ದಿನ ಎಂದರೆ ಎರಡು ದಿನದ ಕೂಲಿ ಖೋತಾ. ಉಚಿತ ಎಂದು ಫಲಕದಲ್ಲಿ ಬರೆದ ಸೇವೆಗೆ ತೆರುವ ಬೆಲೆ ಇದು.

ಲೈಂಗಿಕ ಸೋಂಕುಗಳ ಕತೆಯೂ ಬೇರೆಯಲ್ಲ. ಸರ್ಕಾರಿ ಆಸ್ಪತ್ರೆಗಳಲ್ಲಿ 'ಸುರಕ್ಷಾ ಕ್ಲಿನಿಕ್' ಎಂಬ ಹೆಸರಿನ ಚಿಕಿತ್ಸಾ ಕೇಂದ್ರಗಳಿವೆ. ರೋಗಲಕ್ಷಣಕ್ಕೆ ತಕ್ಕಂತೆ ಏಳು ಬಣ್ಣದ ಕಿಟ್‌ಗಳಲ್ಲಿ ಔಷಧ ಉಚಿತವಾಗಿ ಸಿಗಬೇಕು. ಒಳ್ಳೆಯ ಏರ್ಪಾಡು. ಆದರೆ ನೋವೋ ಉರಿಯೋ ಕಾಣಿಸಿಕೊಂಡ ಹುಡುಗ ಮೊದಲು ಹೋಗುವುದು ಬೀದಿ ತುದಿಯ ಔಷಧಿ ಅಂಗಡಿಗೆ. ಅಲ್ಲಿ ಕೊಡುವ ನಾಲ್ಕು ಗುಳಿಗೆಗೆ ಲಕ್ಷಣ ಅಡಗುತ್ತದೆ, ಸೋಂಕು ಉಳಿಯುತ್ತದೆ, ಸಂಗಾತಿಗೂ ತಗಲುತ್ತದೆ. ಅಂಗಡಿಯವನು ಪ್ರಶ್ನೆ ಕೇಳುವುದಿಲ್ಲ ಎಂಬುದೇ ಅವನ ಆಕರ್ಷಣೆ. ಮದುವೆಯಾಗಿದೆಯೇ ಎಂದು ಹತ್ತು ಜನರ ಮುಂದೆ ಕೇಳುವ ಕೌಂಟರ್ ಇರುವವರೆಗೆ ಬಣ್ಣದ ಕಿಟ್‌ಗಳು ಕಪಾಟಿನಲ್ಲೇ ಉಳಿಯುತ್ತವೆ.

ಇಲ್ಲೊಂದು ಜಟಿಲ ಪ್ರಶ್ನೆ ಏಳುತ್ತದೆ. ಸೇವೆ ಮನೆಯ ಹತ್ತಿರ ಬರಲಿ ಎಂದು ನಾವೆಲ್ಲ ಕೂಗುತ್ತೇವೆ. ಗೋಡೆಗೆ ಗೋಡೆ ತಾಗಿದ ಬಡಾವಣೆಯಲ್ಲಿ ಹತ್ತಿರವೆಂದರೆ ಪರಿಚಿತರ ಕಣ್ಣೆದುರು ಎಂದೂ ಅರ್ಥ. ಕ್ಲಿನಿಕ್‌ನ ಆಯಾ ಪಕ್ಕದ ಬೀದಿಯವಳಾಗಿರಬಹುದು; ಸಾಲಿನಲ್ಲಿ ಹಿಂದೆ ನಿಂತವಳು ಅತ್ತೆಯ ಗೆಳತಿಯಾಗಿರಬಹುದು. ಆದ್ದರಿಂದಲೇ ಹತ್ತಿರದ ಕೇಂದ್ರ ಬಿಟ್ಟು, ಎರಡು ಬಸ್ಸು ಬದಲಿಸಿ ದೂರದ ಕೇಂದ್ರಕ್ಕೆ ಹೋಗುವವರಿದ್ದಾರೆ. ಇದನ್ನು ಅಜ್ಞಾನವೆನ್ನಲು ನಾನು ಸಿದ್ಧನಿಲ್ಲ. ಅದು ಲೆಕ್ಕ ಹಾಕಿದ ಆಯ್ಕೆ. ವ್ಯವಸ್ಥೆ ಮಾಡಬೇಕಾದದ್ದು ಎರಡೂ ದಾರಿಯನ್ನು ತೆರೆದಿಡುವುದು: ಮರ್ಫಿ ಟೌನ್‌ನವರು ಇಂದಿರಾನಗರದಲ್ಲೋ ಕೆ.ಆರ್. ಪುರದಲ್ಲೋ ಪರೀಕ್ಷೆ ಮಾಡಿಸಿಕೊಳ್ಳಲು ಯಾರೂ 'ನಿಮ್ಮ ವಾರ್ಡ್‌ಗೆ ಹೋಗಿ' ಎನ್ನಬಾರದು. ಹತ್ತಿರದಲ್ಲೇ ಬೇಕೆನ್ನುವವರಿಗೆ ಮಧುಮೇಹ, ರಕ್ತದೊತ್ತಡದ ರೋಗಿಗಳು ಕೂರುವ ಬಾಗಿಲಿನಲ್ಲೇ, ಪ್ರತ್ಯೇಕ ಫಲಕವಿಲ್ಲದೆ ಸೇವೆ ಸಿಗಬೇಕು. ಸ್ಥಿರವಾಗಿರುವ ರೋಗಿಗಳಿಗೆ ಹಲವು ತಿಂಗಳ ಮಾತ್ರೆಯನ್ನು ಒಮ್ಮೆಗೇ ಕೊಡಬಹುದೆಂಬುದು 2020ರ ಕೋವಿಡ್ ಕಾಲದಲ್ಲಿ ಸಾಬೀತಾಗಿದೆ. ಲಾಕ್‌ಡೌನ್‌ನಲ್ಲಿ ಸಾಧ್ಯವಾದದ್ದು ಉಳಿದ ದಿನಗಳಲ್ಲಿ ಏಕೆ ಅನುಗ್ರಹದಂತೆ ಕಾಣಬೇಕು?

ಇನ್ನು ಕಾನೂನು. 2017ರಲ್ಲಿ ಸಂಸತ್ತು ಅಂಗೀಕರಿಸಿ, 2018ರ ಸೆಪ್ಟೆಂಬರ್ 10ರಿಂದ ಜಾರಿಗೆ ಬಂದ ಎಚ್‌ಐವಿ ಮತ್ತು ಏಡ್ಸ್ ಕಾಯ್ದೆಯು ಒಪ್ಪಿಗೆಯಿಲ್ಲದ ಪರೀಕ್ಷೆಯನ್ನು, ಗುಟ್ಟು ರಟ್ಟು ಮಾಡುವುದನ್ನು, ತಾರತಮ್ಯವನ್ನು ನಿಷೇಧಿಸಿದೆ. 20 ಅಥವಾ ಅದಕ್ಕಿಂತ ಹೆಚ್ಚು ಸಿಬ್ಬಂದಿಯ ಆರೋಗ್ಯ ಸಂಸ್ಥೆ ದೂರು ಅಧಿಕಾರಿಯೊಬ್ಬರನ್ನು ನೇಮಿಸಬೇಕು. ರಾಜ್ಯ ಸರ್ಕಾರ ಒಂಬುಡ್ಸ್‌ಮನ್ ನೇಮಿಸಬೇಕು. ಓದುಗರು ಮುಂದಿನ ಬಾರಿ ಆಸ್ಪತ್ರೆಗೆ ಹೋದಾಗ, ಅದು ಖಾಸಗಿಯೇ ಇರಲಿ ಸರ್ಕಾರಿಯೇ ಇರಲಿ, ಆ ದೂರು ಅಧಿಕಾರಿಯ ಹೆಸರಿನ ಫಲಕ ಎಲ್ಲಿದೆ ಎಂದು ವಿಚಾರಿಸಿ ನೋಡಲಿ. ಇದೇ ಕಾಯ್ದೆ ಚಿಕಿತ್ಸೆ ಒದಗಿಸುವ ವಿಷಯಕ್ಕೆ ಬಂದಾಗ 'ಸಾಧ್ಯವಾದಷ್ಟು ಮಟ್ಟಿಗೆ' ಎಂಬ ಜಾರುದಾರಿಯನ್ನೂ ಬಿಟ್ಟುಕೊಂಡಿದೆ. ಆ ಪದಗಳ ತೂಕ ಏನೆಂಬುದು 2022ರ ಜುಲೈನಲ್ಲಿ ತಿಳಿಯಿತು. ಔಷಧದ ಕೊರತೆ ವಿರೋಧಿಸಿ ಸೋಂಕಿತರು ದೆಹಲಿಯ ನ್ಯಾಕೊ ಕಚೇರಿಯೆದುರು ಒಂದು ತಿಂಗಳಿಗೂ ಹೆಚ್ಚು ಕಾಲ ಧರಣಿ ಕೂರಬೇಕಾಯಿತು. ಪ್ರತಿದಿನ ತಪ್ಪದೆ ನುಂಗಬೇಕಾದ ಮಾತ್ರೆ ಅದು. ನಡುವೆ ತಪ್ಪಿದರೆ ವೈರಾಣು ಔಷಧಕ್ಕೆ ಬಗ್ಗದಂತಾಗಬಹುದು. ಕ್ರಮವಾಗಿ ನುಂಗಿ ರಕ್ತದಲ್ಲಿ ವೈರಾಣು ಪತ್ತೆಯಾಗದ ಮಟ್ಟಕ್ಕೆ ಇಳಿದವರಿಂದ ಲೈಂಗಿಕ ಸಂಪರ್ಕದ ಮೂಲಕ ಸೋಂಕು ಹರಡುವುದಿಲ್ಲ ಎಂಬುದು ಇಂದು ಸ್ಥಾಪಿತ ವಿಜ್ಞಾನ. ಈ ಒಂದು ವಾಕ್ಯವನ್ನು ಪ್ರತಿ ಸಮಾಲೋಚಕರೂ ರೋಗಿಯ ಭಾಷೆಯಲ್ಲೇ, ಅದು ತಮಿಳಾದರೆ ತಮಿಳಿನಲ್ಲಿ, ಉರ್ದುವಾದರೆ ಉರ್ದುವಿನಲ್ಲಿ, ಹೇಳುವಂತಾದರೆ ಎಷ್ಟು ಸಂಸಾರಗಳು ಉಳಿದಾವು! ಆಡಳಿತ ಭಾಷೆ ಕನ್ನಡವಾಗಿರಬೇಕೆಂಬುದರಲ್ಲಿ ನನಗೆ ಸಂದೇಹವಿಲ್ಲ. ಜ್ವರದಲ್ಲಿರುವವರ ಪರೀಕ್ಷೆ ಅದಲ್ಲ.

ಇಷ್ಟನ್ನೂ ಯಾರ ಬಳಿ ಕೇಳುವುದು? 2020ರ ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿ ಸದಸ್ಯರ ಅವಧಿ ಮುಗಿದ ಮೇಲೆ ವರ್ಷಗಟ್ಟಲೆ ಈ ನಗರಕ್ಕೆ ಚುನಾಯಿತ ಪಾಲಿಕೆಯೇ ಇರಲಿಲ್ಲ. 2025ರ ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿಯ ಜಾಗಕ್ಕೆ ಗ್ರೇಟರ್ ಬೆಂಗಳೂರು ಪ್ರಾಧಿಕಾರದಡಿ ಐದು ನಗರಪಾಲಿಕೆಗಳು ಬಂದವು. ಎಚ್‌ಐವಿ ವಿಷಯ ರಾಜ್ಯ ಏಡ್ಸ್ ಪ್ರಿವೆನ್ಷನ್ ಸೊಸೈಟಿಯದು, ಕ್ಲಿನಿಕ್ ಪಾಲಿಕೆಯದು, ಬೌರಿಂಗ್ ವೈದ್ಯಕೀಯ ಶಿಕ್ಷಣ ಇಲಾಖೆಯದು ಎಂದು ಒಬ್ಬರು ಇನ್ನೊಬ್ಬರತ್ತ ಬೊಟ್ಟು ಮಾಡಲು ಅನುಕೂಲವಾದ ಏರ್ಪಾಡಿದು. ಹಲಸೂರು–ಶಿವಾಜಿನಗರ ಭಾಗಕ್ಕೆ ಈ ಮೂವರೂ ಕೂರುವ ಒಂದು ಸಮಿತಿ ರಚನೆಯಾಗಲಿ. ಅದರಲ್ಲಿ ಅರ್ಧದಷ್ಟು ಸ್ಥಾನ ಸೋಂಕಿತರಿಗೆ, ಲೈಂಗಿಕ ವೃತ್ತಿನಿರತರಿಗೆ, ಲೈಂಗಿಕ ಅಲ್ಪಸಂಖ್ಯಾತರಿಗೆ ಮೀಸಲಿರಲಿ. ಮೂರು ತಿಂಗಳಿಗೊಮ್ಮೆ ಔಷಧ ದಾಸ್ತಾನು, ಪರೀಕ್ಷೆಗಳ ಸಂಖ್ಯೆ, ಬಂದ ದೂರುಗಳು, ಇತ್ಯರ್ಥವಾದ ದೂರುಗಳ ವಿವರವನ್ನು ಹೆಸರುಗಳಿಲ್ಲದೆ ಪ್ರಕಟಿಸಲಿ. ವಾರಕ್ಕೆ ಎರಡು ದಿನವಾದರೂ ರಾತ್ರಿ 8ರವರೆಗೆ ಒಂದು ಕ್ಲಿನಿಕ್ ಬಾಗಿಲು ತೆರೆದಿರಲಿ. ಈ ಕೊನೆಯ ಬೇಡಿಕೆಗೆ ಹೊಸ ಕಟ್ಟಡ ಬೇಕಿಲ್ಲ, ಸಂಪುಟದ ಒಪ್ಪಿಗೆ ಬೇಕಿಲ್ಲ. ಸಿಬ್ಬಂದಿಯ ಪಾಳಿ ಬದಲಿಸುವ ಒಂದು ಆದೇಶ ಸಾಕು.