ಶ್ರುತಿಗೆ ಬೀಗ

‘ಡಿ. ಜೆ.’ ಎಂಬ ಎರಡಕ್ಷರ ಕಿವಿಗೆ ಬಿದ್ದೊಡನೆ ನಮ್ಮ ಗುರುವೃಂದದವರು ಕಿವಿ ಮುಚ್ಚಿಕೊಳ್ಳುವುದೂ ವಿದ್ಯಾರ್ಥಿಗಳು ಕಾಲು ಕುಣಿಸುವುದೂ ಎಲ್ಲರಿಗೂ ತಿಳಿದ ವಿಷಯವೇ. ಡಿ. ಜೆ. ಬೇಕೇ ಬೇಡವೇ ಎಂಬ ಚರ್ಚೆಯನ್ನು ಇಲ್ಲಿ ಮತ್ತೆ ಎತ್ತಿಕೊಳ್ಳುವ ಇಚ್ಛೆ ನನಗಿಲ್ಲ; ಅದನ್ನು ಚರ್ಚಾಸ್ಪರ್ಧೆಯ ಮಿತ್ರರಿಗೇ ಬಿಟ್ಟಿದ್ದೇನೆ. ಆ ಯಂತ್ರದ ಒಂದೇ ಒಂದು ಗುಂಡಿಯ ಮೇಲೆ ನನ್ನದೊಂದು ದೂರಿದೆ. ಅದರ ಹೆಸರು ‘ಕೀ ಲಾಕ್’.

ಹೆಸರು ಕೇಳಿ ಇದು ಯಂತ್ರಕ್ಕೆ ಹಾಕುವ ಬೀಗವೆಂದು ಭಾವಿಸಬಾರದು. ಇಲ್ಲಿ ‘ಕೀ’ ಎಂದರೆ ಬೀಗದ ಕೈಯಲ್ಲ, ಶ್ರುತಿ. ಒಂದು ಹಾಡಿನಿಂದ ಇನ್ನೊಂದಕ್ಕೆ ತಾಳ ತಪ್ಪದಂತೆ ದಾಟಬೇಕಾದರೆ ಎರಡರ ವೇಗವೂ ಒಂದಾಗಬೇಕಷ್ಟೆ. ಪ್ಲೇಟುಗಳ ಕಾಲದಲ್ಲಿ ವೇಗ ಏರಿಸಿದರೆ ಶ್ರುತಿಯೂ ಏರುತ್ತಿತ್ತು, ಇಳಿಸಿದರೆ ಇಳಿಯುತ್ತಿತ್ತು. 1979ರಲ್ಲಿ ಬಂದ ಟೆಕ್ನಿಕ್ಸ್ ಎಸ್‌ಎಲ್-1200 ಎಂಕೆ2 ಎಂಬ ಹೆಸರಾಂತ ಟರ್ನ್‌ಟೇಬಲ್ಲಿನಲ್ಲಿ ವೇಗವನ್ನು ನೂರಕ್ಕೆ 8ರಷ್ಟು ಹೆಚ್ಚುಕಡಿಮೆ ಮಾಡಬಹುದಾಗಿತ್ತು. ನೂರಕ್ಕೆ ಸುಮಾರು 6ರಷ್ಟು ಏರಿಸಿದರೆ ಸಾಕು, ಹಾರ್ಮೋನಿಯಂನಲ್ಲಿ ಕಪ್ಪು ಬಿಳುಪುಗಳೆರಡನ್ನೂ ಎಣಿಸಿ ಒಂದು ಮನೆ ಮೇಲಕ್ಕೆ ಹೋದಂತಾಗುತ್ತದೆ. ಡಾ. ರಾಜಕುಮಾರ್ ಅವರ ಗಂಭೀರ ಕಂಠವನ್ನು ಹೀಗೆ ಎರಡು ಮೂರು ಮನೆ ಏರಿಸಿದರೆ ಮೀಸೆ ಮೂಡದ ಹುಡುಗನ ಕಂಠವಾಗುತ್ತದೆ. ಈ ವಿಪತ್ತನ್ನು ತಪ್ಪಿಸಲೆಂದೇ ವೇಗ ಬದಲಾದರೂ ಶ್ರುತಿ ಕದಲದಂತೆ ಹಿಡಿದಿಡುವ ಉಪಾಯ ಬಂದಿತು. 1994ರ ಪಯನಿಯರ್ ಸಿ.ಡಿ.ಜೆ.-500 ಯಂತ್ರದಲ್ಲಿ ಇದಕ್ಕೆ ‘ಮಾಸ್ಟರ್ ಟೆಂಪೋ’ ಎಂದು ಹೆಸರು. ಈಗ ಲ್ಯಾಪ್‌ಟಾಪಿನ ಡಿ. ಜೆ. ತಂತ್ರಾಂಶಗಳಲ್ಲೆಲ್ಲ ಇದು ಇದೆ.

ಉಪಾಯವೇನೋ ಒಳ್ಳೆಯದೇ. ಆದರೆ ವೇಗವನ್ನೂ ಶ್ರುತಿಯನ್ನೂ ಬೇರ್ಪಡಿಸುವುದು ಹಾಲನ್ನೂ ನೀರನ್ನೂ ಬೇರ್ಪಡಿಸಿದಂತೆ. ಹಂಸಕ್ಕೆ ಅದು ಸಾಧ್ಯವೆಂದು ಕವಿಗಳು ಹೇಳುತ್ತಾರೆ. ಗಣಕಯಂತ್ರಕ್ಕೆ ಅಷ್ಟು ಸುಲಭವಲ್ಲ. ಅದು ಮಾಡುವುದಿಷ್ಟು: ಹಾಡನ್ನು ಸೆಕೆಂಡಿನ ನೂರರಲ್ಲಿ ಕೆಲವೇ ಭಾಗಗಳಷ್ಟು ಪುಟ್ಟ ತುಂಡುಗಳಾಗಿ ಕತ್ತರಿಸುತ್ತದೆ, ಬೇಗ ನುಡಿಸಬೇಕಾದರೆ ನಡುನಡುವೆ ಒಂದಿಷ್ಟನ್ನು ಬಿಟ್ಟುಬಿಡುತ್ತದೆ, ನಿಧಾನವಾಗಿ ನುಡಿಸಬೇಕಾದರೆ ಇದ್ದದ್ದನ್ನೇ ಮತ್ತೊಮ್ಮೆ ಹಾಕುತ್ತದೆ, ಅಂಚುಗಳನ್ನು ಒಂದರ ಮೇಲೊಂದು ಇಟ್ಟು ಸೇರಿಸುತ್ತದೆ. ಚೌಕುಳಿ ಬಟ್ಟೆಯನ್ನು ಕತ್ತರಿಸಿ ಹೊಲಿಯುವ ದರ್ಜಿಯನ್ನು ನೆನೆಯಿರಿ. ಗೆರೆಗೆ ಗೆರೆ ಕೂಡಿದರೆ ಹೊಲಿಗೆ ಕಾಣದು, ಕೂಡದಿದ್ದರೆ ಎದ್ದು ಕಾಣುತ್ತದೆ. ತಗ್ಗು ಸ್ವರವೊಂದು ಸೆಕೆಂಡಿಗೆ 50 ಸಲ ಕಂಪಿಸುತ್ತದೆಂದುಕೊಳ್ಳಿ. ಅದರ ಒಂದು ಅಲೆಗೆ ಸೆಕೆಂಡಿನ ಐವತ್ತರಲ್ಲೊಂದು ಭಾಗ ಬೇಕು. ತುಂಡು ಅದಕ್ಕಿಂತ ಗಿಡ್ಡವಾದರೆ ಒಂದು ಅಲೆಯೂ ಪೂರ್ತಿ ಹಿಡಿಸದೆ ಸ್ವರ ನಡುಗುತ್ತದೆ. ಹಾಗೆಂದು ತುಂಡನ್ನು ಉದ್ದ ಮಾಡಿದರೆ, ವಾದ್ಯಕ್ಕೆ ಬಿದ್ದ ಪೆಟ್ಟಿನ ಮೊನೆ ಮೊಂಡಾಗುತ್ತದೆ, ಇಲ್ಲವೇ ಒಂದೇ ಪೆಟ್ಟು ಎರಡಾಗಿ ಕೇಳುತ್ತದೆ. ಇದು ಯಂತ್ರ ಕೆಟ್ಟದ್ದರಿಂದ ಬಂದ ದೋಷವಲ್ಲ, ಆ ಕೆಲಸದ ಬೆಲೆ.

ಇನ್ನೊಂದು ಸ್ವಾರಸ್ಯವಿದೆ. ಈ ವಿದ್ಯೆ ಹುಟ್ಟಿದ್ದು ಕುಣಿತಕ್ಕಾಗಿ ಅಲ್ಲ. 1954ರಲ್ಲಿ ಅಮೆರಿಕದ ಇಲಿನಾಯ್ ವಿಶ್ವವಿದ್ಯಾನಿಲಯದ ಫೇರ್‌ಬ್ಯಾಂಕ್ಸ್ ಮತ್ತು ಅವರ ಸಂಗಡಿಗರು ತಿರುಗುವ ತಲೆಯ ಟೇಪ್ ಯಂತ್ರದಿಂದ ಇದನ್ನು ಸಾಧಿಸಿದಾಗ ಅವರ ಗಮನವಿದ್ದದ್ದು ಮನುಷ್ಯನ ಮಾತಿನ ಮೇಲೆ. 1966ರಲ್ಲಿ ಬೆಲ್ ಪ್ರಯೋಗಾಲಯದ ಫ್ಲಾನಗನ್ ಮತ್ತು ಗೋಲ್ಡನ್ ಎಂಬುವರು ಬೇರೊಂದು ದಾರಿ ತೋರಿಸಿದಾಗಲೂ ವಿಷಯ ಮಾತೇ. ಮಾತಿಗೆಂದು ಹೊಲಿದ ಅಂಗಿಯನ್ನು ನಾವು ತಮಟೆಗೆ ತೊಡಿಸುತ್ತಿದ್ದೇವೆ!

ಇದು ಕೇವಲ ರಸಿಕರ ಕೊರಗಾಗಿದ್ದರೆ ನಾನು ಲೇಖನಿ ಹಿಡಿಯುತ್ತಿರಲಿಲ್ಲ. ನಮ್ಮೂರಿನ ಗೆಳೆಯನೊಬ್ಬ ಸಾಲ ಮಾಡಿ ಡಿ. ಜೆ. ಸೆಟ್ಟು ಇಟ್ಟುಕೊಂಡಿದ್ದಾನೆ. ಒಂದು ಮೆರವಣಿಗೆಯಲ್ಲಿ ಹಾಡು ಒಡೆದೊಡೆದು ಕೇಳಿತೆಂದು, ‘ಬಾಕ್ಸು ಹರಿದಿದೆ’ ಎಂದು ಹೇಳಿ ಕರೆದವರು ಬಾಡಿಗೆಯಲ್ಲಿ ಅರ್ಧ ಮುರಿದುಕೊಂಡರು. ಅವನು ಬಡ್ಡಿಗೆ ಹಣ ತಂದು ಸ್ಪೀಕರು ಬದಲಾಯಿಸಿದ. ಹೊಸ ಸ್ಪೀಕರಿನಲ್ಲೂ ಅದೇ ಸದ್ದು. ನಮ್ಮ ಮನೆಯ ಮುಂದೆ ಅವನು ಅದನ್ನು ಪರೀಕ್ಷಿಸುತ್ತಿದ್ದಾಗ ನಮ್ಮ ತಂದೆಯವರು ಜಗಲಿಯ ಮೇಲಿದ್ದರು. ಅವರು ತಮಟೆ ಬಾರಿಸುವವರು. ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ನುಡಿಯುತ್ತಿದ್ದುದೂ ತಮಟೆಯ ಹಾಡೇ. ನಿಮಿಷಕ್ಕೆ 140 ಏಟಿನದನ್ನು ಮುಂದಿನ ಹಾಡಿಗೆ ಸರಿಹೊಂದಿಸಲು 119ಕ್ಕೆ, ಅಂದರೆ ನೂರಕ್ಕೆ 15ರಷ್ಟು, ಇಳಿಸಲಾಗಿತ್ತು. ಅವರು ಕ್ಷಣಕಾಲ ಕೇಳಿ, “ಏನ್ರಪ್ಪಾ ಇದು? ಒಂದೇಟು ಅಲ್ಲ ಕಣ್ರಲಾ, ಒಂದೂವರೆ ಏಟು ಬೀಳ್ತಾ ಐತೆ” ಎಂದರು. ಗೆಳೆಯ ಕೀ ಲಾಕ್ ಆರಿಸಿದ. ಶ್ರುತಿ ಧೊಪ್ಪನೆ ಇಳಿಯಿತು. ತಂದೆಯವರು, “ಈಗ ಸರಿಹೋಯ್ತು. ತಮಟೆ ಸರಿಯಾಗಿ ಕಾದಿಲ್ಲ, ಅಷ್ಟೆಯಾ. ಏಟು ಏಟಾಗೇ ಐತೆ” ಎಂದುಬಿಟ್ಟರು.

ತಮಟೆಯನ್ನು ಬೆಂಕಿಗೆ ಹಿಡಿದು ಕಾಯಿಸಿದರೆ ಚರ್ಮ ಬಿಗಿದು ಶ್ರುತಿ ಏರುತ್ತದೆ, ತಣಿದರೆ ಇಳಿಯುತ್ತದೆ. ಆದುದರಿಂದ ಅದನ್ನು ಬಾರಿಸುವವರಿಗೆ ಶ್ರುತಿ ಕೊಂಚ ಆಚೀಚೆ ಆಗುವುದು ದಿನನಿತ್ಯದ ಸಂಗತಿ. ಏಟು ಒಡೆಯುವುದು ಮಾತ್ರ ಸಹಿಸಲಾಗದ ಅಪಚಾರ. ಈ ವಿವೇಕ ಗುಂಡಿ ಒತ್ತುವ ಕೈಗೂ ಬರಬೇಕು ಎಂಬುದೇ ನನ್ನ ವಾದ. ಗಾಯನ ಮುಖ್ಯವಾದ ಹಾಡಿಗೆ ಕೀ ಲಾಕ್ ಇರಲಿ, ಅದೂ ಸ್ವಲ್ಪ ವೇಗ ಬದಲಾಯಿಸುವಾಗ. ಚರ್ಮವಾದ್ಯವೇ ಮುಖ್ಯವಾದ ಹಾಡಿಗೆ ಅದನ್ನು ಆರಿಸಿಬಿಡಲಿ. ನೂರಕ್ಕೆ 3ರಷ್ಟೇ ಬದಲಾಯಿಸುವುದಾದರೆ ಶ್ರುತಿ ಹಾರ್ಮೋನಿಯಂನ ಅರ್ಧ ಮನೆಯಷ್ಟು ಮಾತ್ರ ಕದಲುತ್ತದೆ. ಕುಣಿಯುವವರಲ್ಲಿ ಯಾರೂ ಅದಕ್ಕಾಗಿ ಹೆಜ್ಜೆ ನಿಲ್ಲಿಸರು. ಆದರೆ ಎರಡು ಹಾಡುಗಳ ಶ್ರುತಿಗಳು ಒಂದರ ಮೇಲೊಂದು ಬಿದ್ದಾಗ ಕರ್ಕಶವಾಗುವುದಿಲ್ಲವೇ ಎಂದು ಸಂಗೀತ ಬಲ್ಲ ಮಿತ್ರರು ಕೇಳಬಹುದು. ಆಗುತ್ತದೆ, ನಿಜ. ಅಂಥಲ್ಲಿ ಗಾಯನವಿಲ್ಲದ ಕಡೆ ನೋಡಿ ದಾಟಿದರೆ ತೀರಿತು.

ಎಲ್ಲ ಒಡಕು ದನಿಗೂ ಕೀ ಲಾಕೇ ಕಾರಣವೆಂದು ಸಾಧಿಸಲು ನಾನು ಹೊರಟಿಲ್ಲ. ಅದನ್ನು ಆರಿಸಿದಾಗ ದೋಷ ಮಾಯವಾದರೆ ಮೂಲ ಅಲ್ಲಿದೆ. ಆರಿಸಿದ ಮೇಲೂ ಉಳಿದರೆ ದನಿಯನ್ನು ಮಿತಿಮೀರಿ ಏರಿಸಿರಬಹುದು, ಸ್ಪೀಕರು ನಿಜವಾಗಿಯೇ ಹರಿದಿರಬಹುದು. ಕೀ ಲಾಕ್ ಹಾಕಿದಾಗ ಚಟಚಟ ಸದ್ದು ಬರುತ್ತಿದ್ದರೆ ಲ್ಯಾಪ್‌ಟಾಪಿಗೆ ಆ ಲೆಕ್ಕ ಹೊರೆಯಾಗಿರಬಹುದು; ‘ಬಫರ್’ ಎಂಬುದನ್ನು ಹೆಚ್ಚಿಸಿದರೆ ಬಹುಮಟ್ಟಿಗೆ ಹೋಗುತ್ತದೆ. ಮಿಕ್ಸ್ ಎಂಬ ಉಚಿತ ತಂತ್ರಾಂಶದಲ್ಲಂತೂ ಹಗುರವಾದ ಕ್ರಮ, ಉತ್ತಮವಾದರೂ ಭಾರವಾದ ಕ್ರಮ ಎಂದು ಆಯ್ಕೆಯೇ ಇದೆ. ಇನ್ನು ಎಲ್ಲಿಂದಲೋ ಇಳಿಸಿಕೊಂಡ, ಮೊದಲೇ ಹಿಂಡಿ ಹಿಪ್ಪೆಯಾದ ಎಂ.ಪಿ.3 ಹಾಡನ್ನು ಮತ್ತೆ ಎಳೆದರೆ ಯಾವ ಕ್ರಮವೂ ಕಾಪಾಡದು. ಈ ಪರೀಕ್ಷೆಗಳಿಗೆಲ್ಲ ಕಾಸಿನ ಖರ್ಚಿಲ್ಲ. ಸ್ಪೀಕರಿಗಾದರೋ ಬಡ್ಡಿಯಿದೆ.

2023ರಲ್ಲಿ ತಮಟೆಯ ಪಿಂಡಿಪಾಪನಹಳ್ಳಿ ಮುನಿವೆಂಕಟಪ್ಪನವರಿಗೆ ಪದ್ಮಶ್ರೀ ಬಂದಾಗ ನಾವೆಲ್ಲ ಹೆಮ್ಮೆಪಟ್ಟೆವು. ಆ ವಾದ್ಯದ ಏಟನ್ನು ಧ್ವನಿವರ್ಧಕದಲ್ಲಿ ಕೇಳಿಸುವಾಗಲೂ ಅಷ್ಟು ಮರ್ಯಾದೆ ಸಲ್ಲಬೇಡವೇ? ನಮ್ಮ ವಿದ್ಯಾರ್ಥಿ ಸಂಘದ ಕಾರ್ಯದರ್ಶಿಗಳಲ್ಲಿ ನನ್ನ ವಿನಂತಿ ಇಷ್ಟೇ: ಈ ಸಲದ ವಾರ್ಷಿಕೋತ್ಸವಕ್ಕೆ ಡಿ. ಜೆ.ಯವರನ್ನು ಕರೆಯುವಾಗ ಹಾಡುಗಳ ಪಟ್ಟಿಯನ್ನು ಹಿಂದಿನ ದಿನವೇ ಅವರ ಕೈಗೆ ಕೊಡಿ. ವೇಗ ಹತ್ತಿರವಿರುವ ಹಾಡುಗಳನ್ನು ಅವರು ಒಂದರ ಪಕ್ಕ ಒಂದು ಜೋಡಿಸಿಕೊಳ್ಳುತ್ತಾರೆ. ಆಗ ನೂರಕ್ಕೆ 15ರಷ್ಟು ಎಳೆಯುವ ಪ್ರಮೇಯವೇ ಬಾರದು. ಬಾಡಿಗೆಯನ್ನು ಪೂರ್ತಿ ಕೊಡಿ.