ಇಳಿಯುವ ಮಾತು ಏಣಿಯ ಮೇಲಿದ್ದವನದೇ ಆಗಲಿ

ಅಹಮದಾಬಾದಿನಲ್ಲಿ ಹೋಳಿ ಕಳೆಯಿತೆಂದರೆ ಧೂಳಿನ ಕಾಲ ಆರಂಭ. ಬೆಳಿಗ್ಗೆ ಒರೆಸಿದ ಗಾಜು ಸಂಜೆಗೆ ಮತ್ತೆ ಮಬ್ಬು. ಬರೋಡ, ಸೂರತ್‌ನಲ್ಲೂ ಇದೇ ಪರಿಸ್ಥಿತಿ. ಈ ಮೂರು ನಗರಗಳಲ್ಲಿ ನಮ್ಮವರ ಹೊಟೇಲುಗಳ ಮುಖವೇ ಬದಲಾಗಿದೆ. ಹಿಂದೆ ಶಟರ್ ಎತ್ತಿದರೆ ಗಲ್ಲಾ, ಅದರ ಹಿಂದೆ ದೇವರ ಫೋಟೋ, ಇಷ್ಟೇ ಕಾಣುತ್ತಿತ್ತು. ಈಗ ನೆಲದಿಂದ ಹದಿನೈದು ಅಡಿಯವರೆಗೆ ಗಾಜು, ಅದರ ಮೇಲೆ ದೀಪದ ಬೋರ್ಡು. ಅದು ಹೊಳೆಯುತ್ತಿದ್ದರೆ ಮಾತ್ರ ಗಿರಾಕಿ ಒಳಗೆ ಕಾಲಿಡುತ್ತಾನೆ. ಗಾಜು ಹೊಳೆಯಬೇಕಾದರೆ ಏಣಿ ಬೇಕು, ಏಣಿ ಹತ್ತಲು ಒಬ್ಬ ಹುಡುಗ ಬೇಕು.

ವಾರ್ಷಿಕೋತ್ಸವ, ಯಕ್ಷಗಾನ, ಸನ್ಮಾನ ಸಮಾರಂಭಗಳ ಸುದ್ದಿ ಬರುವ ಈ ಪುಟದಲ್ಲಿ ಏಣಿಯ ವಿಷಯ ಏಕೆ ಎಂದು ಕೆಲವರಿಗೆ ಅನಿಸಬಹುದು. ನಮ್ಮ ಸಂಘಗಳ ಅನೇಕ ಪದಾಧಿಕಾರಿಗಳು ಹೊಟೇಲು ಉದ್ಯಮಿಗಳು. ಆ ಏಣಿಯ ಬುಡದಲ್ಲಿ ನಿಂತು ಅಪ್ಪಣೆ ಕೊಡುವವರೂ ನಮ್ಮವರೇ. ಆದ್ದರಿಂದ ಇದನ್ನು ಇಲ್ಲಿಯೇ ಬರೆಯಬೇಕು.

ಕೆಲವು ವರ್ಷಗಳ ಹಿಂದಿನ ಮಾತು. ಮೇ ತಿಂಗಳ ಒಂದು ಸಂಜೆ, ಸುಮಾರು ನಾಲ್ಕೂಕಾಲು ಗಂಟೆ. ಬ್ಯಾಂಕಿನ ಕೌಂಟರ್ ಮುಚ್ಚಿ ವೋಚರುಗಳನ್ನು ತಾಳೆ ನೋಡುತ್ತಾ ಕುಳಿತಿದ್ದೆ. ರಸ್ತೆಯ ಆಚೆಗಿನ ಹೊಟೇಲಿನಲ್ಲಿ (ಹೆಸರು ಬೇಡ) ಕಾರ್ಕಳ ಕಡೆಯ ಹುಡುಗನೊಬ್ಬ ಅಲ್ಯೂಮಿನಿಯಂ ಏಣಿಯ ಮೇಲೆ ನಿಂತು ಗಾಜಿಗೆ ವೈಪರ್ ಎಳೆಯುತ್ತಿದ್ದ. ಪಶ್ಚಿಮದ ಆಕಾಶ ಕಂದು ಬಣ್ಣಕ್ಕೆ ತಿರುಗಿತ್ತು. ಇಲ್ಲಿಯವರು ವಂಟೋಳ ಎನ್ನುವ ಸುಳಿಗಾಳಿ ಬರುವ ಸೂಚನೆ. ‘ಅಣ್ಣಾ, ಗಾಳಿ ಬರ್ತಾ ಉಂಟು, ಇಳಿಯಲಾ?’ ಎಂದು ಆತ ಕೇಳಿದನಂತೆ. ‘ಇನ್ನೊಂದೇ ಗಾಜು ಉಂಟಲ್ಲ ಮಾರಾಯ, ಮುಗಿಸಿಯೇ ಇಳಿ’ ಎಂಬ ಉತ್ತರ ಬಂತಂತೆ. ಏಣಿ ಪಕ್ಕಕ್ಕೆ ಜಾರಿದ್ದನ್ನು ನಾನು ನೋಡಲಿಲ್ಲ, ಸದ್ದು ಕೇಳಿ ಹೊರಗೆ ಓಡಿದೆ. ಹನ್ನೆರಡು ಅಡಿಯಿಂದ ಬಿದ್ದಿದ್ದ. ಹಿಮ್ಮಡಿಯ ಮೂಳೆ ಪುಡಿಯಾಗಿತ್ತು. ಆ ಮ್ಯಾನೇಜರು ಕೆಟ್ಟವರೇನಲ್ಲ. ಆಸ್ಪತ್ರೆಗೆ ಅವರೇ ಹೊತ್ತುಕೊಂಡು ಹೋದರು, ಮೊದಲ ಬಿಲ್ಲನ್ನೂ ಕಟ್ಟಿದರು. ಆದರೆ ಹುಡುಗ ಮತ್ತೆ ನೆಟ್ಟಗೆ ನಡೆಯಲಿಲ್ಲ. ಕೇಳಿದ್ದು ಒಂದೇ ಪ್ರಶ್ನೆ, ಅದಕ್ಕೆ ಸಿಕ್ಕ ಉತ್ತರ ತಪ್ಪಾಗಿತ್ತು.

ನಾಲ್ಕೂಕಾಲು ಗಂಟೆ ಎಂದು ಬರೆದದ್ದಕ್ಕೆ ಕಾರಣವಿದೆ. ಹೊಟೇಲಿನಲ್ಲಿ ಮಧ್ಯಾಹ್ನದ ಊಟದ ಗದ್ದಲ ಮೂರಕ್ಕೆ ಮುಗಿಯುತ್ತದೆ, ಸಂಜೆಯ ವ್ಯಾಪಾರ ಆರರ ನಂತರ. ನಡುವಿನ ಬಿಡುವಿನಲ್ಲೇ ಗಾಜು, ಬೋರ್ಡು, ಫ್ಯಾನು ಒರೆಸುವ ಕೆಲಸ. ಬೇಸಿಗೆಯಲ್ಲಿ ಗಾಳಿ ಜೋರಾಗುವುದೂ ಇದೇ ಹೊತ್ತಿನಲ್ಲಿ. ನೆಲ ಕಾದು ಮೇಲಿನ ಗಾಳಿಯೂ ಕೆಳಗಿನ ಗಾಳಿಯೂ ಕಲಸಿಕೊಂಡು ಬೀಸತೊಡಗುತ್ತದೆ. ಸೂರತ್‌ನಲ್ಲಾದರೆ ಸಮುದ್ರದ ಗಾಳಿಯೂ ಮಧ್ಯಾಹ್ನದ ನಂತರವೇ ಊರೊಳಗೆ ಬರುತ್ತದೆ. ಅಂದರೆ ದಿನದಲ್ಲಿ ಅತ್ಯಂತ ಅಪಾಯದ ಹೊತ್ತನ್ನೇ ನಾವು ಈ ಕೆಲಸಕ್ಕೆ ಆರಿಸಿಕೊಂಡಿದ್ದೇವೆ. ಬೆಳಿಗ್ಗೆ ಆರರಿಂದ ಎಂಟರವರೆಗೆ ಗಾಳಿ ಸಾಮಾನ್ಯವಾಗಿ ಶಾಂತ. ಆ ಹೊತ್ತಿನಲ್ಲಿ ಇಡ್ಲಿ-ಚಟ್ನಿಯ ಗಡಿಬಿಡಿ ಇರುವುದು ನಿಜ. ವಾರಕ್ಕೆರಡು ದಿನ ಒಬ್ಬ ಹುಡುಗನನ್ನು ಬೆಳಿಗ್ಗೆ ಒಂದು ತಾಸು ಬಿಟ್ಟುಕೊಟ್ಟರೆ ಹೊಟೇಲು ಮುಳುಗುವುದಿಲ್ಲ.

ಎಷ್ಟು ಗಾಳಿ ಬಂದರೆ ಏಣಿ ಬೇಡ? ಇದಕ್ಕೆ ಯಂತ್ರ ಬೇಕಿಲ್ಲ. ಬ್ರಿಟಿಷ್ ನೌಕಾಪಡೆಯ ಫ್ರಾನ್ಸಿಸ್ ಬ್ಯೂಫರ್ಟ್ 1805ರಲ್ಲಿ ಸಿದ್ಧಪಡಿಸಿದ ಗಾಳಿಯ ಅಳತೆಪಟ್ಟಿ ಇಂದಿಗೂ ಬಳಕೆಯಲ್ಲಿದೆ. ಅದರ ಪ್ರಕಾರ ಧೂಳು ಮತ್ತು ಬಿಡಿ ಕಾಗದ ಹಾರತೊಡಗಿದರೆ ಗಾಳಿಯ ವೇಗ ಗಂಟೆಗೆ 20ರಿಂದ 28 ಕಿಲೋಮೀಟರ್. ಸಣ್ಣ ಮರಗಳು ತೂಗಾಡಿದರೆ 29ರಿಂದ 38. ಕಾಗದ ಹಾರುವಾಗಲೇ ಏಣಿ ಇಳಿಯಬೇಕು, ಮರ ತೂಗುವವರೆಗೆ ಕಾಯಬಾರದು. ಏಕೆಂದರೆ ಗಾಳಿಯ ಒತ್ತಡ ಅದರ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. ವೇಗ 20ರಿಂದ 40 ಆದರೆ ಒತ್ತಡ ಎರಡು ಪಟ್ಟಲ್ಲ, ನಾಲ್ಕು ಪಟ್ಟು. ಇದು ಬಡ್ಡಿಯ ಮೇಲೆ ಬಡ್ಡಿಯಂತೆ, ನೋಡುತ್ತಿದ್ದಂತೆ ಏರಿಬಿಡುತ್ತದೆ. ಇನ್ನು ಎರಡು ಕಟ್ಟಡಗಳ ನಡುವಿನ ಓಣಿಯಲ್ಲಿ, ಮೂಲೆಯ ಅಂಗಡಿಯಲ್ಲಿ ಗಾಳಿ ರಸ್ತೆಗಿಂತ ಜೋರಾಗಿ ನುಗ್ಗುತ್ತದೆ. ಹುಡುಗನ ಕೈಯಲ್ಲಿ ಹಳೆಯ ಫ್ಲೆಕ್ಸ್ ಬ್ಯಾನರ್ ಇದ್ದರಂತೂ ಅದು ದೋಣಿಯ ಹಾಯಿಯಂತೆ ಅವನನ್ನೇ ಎಳೆದುಕೊಂಡು ಹೋಗುತ್ತದೆ.

ಗಾಳಿ ಏನು ಮಾಡಬಲ್ಲದೆಂದು ನಮಗೆ ಗೊತ್ತಿಲ್ಲದ್ದೇನಲ್ಲ. ಮುಂಬಯಿಯ ಘಾಟ್‌ಕೋಪರ್‌ನಲ್ಲಿ 2024ರ ಮೇ 13ರಂದು ಪೆಟ್ರೋಲ್ ಪಂಪಿನ ಮೇಲೆ ಭಾರೀ ಹೋರ್ಡಿಂಗ್ ಉರುಳಿ 17 ಮಂದಿ ಸತ್ತರು. ಮರುವರ್ಷ ಮೇ ಮೊದಲ ವಾರದಲ್ಲಿ ಗುಜರಾತಿನಲ್ಲೇ ಅಕಾಲ ಮಳೆ-ಗಾಳಿಗೆ ಹತ್ತಕ್ಕೂ ಹೆಚ್ಚು ಜೀವ ಹೋಯಿತು. ಅಂಥ ದೊಡ್ಡ ಸುದ್ದಿಗಳ ನಡುವೆ ಏಣಿಯಿಂದ ಬಿದ್ದವನ ಸುದ್ದಿ ಒಂದು ಸಾಲೂ ಬರುವುದಿಲ್ಲ, ಅಷ್ಟೇ ವ್ಯತ್ಯಾಸ.

ಏಣಿಯ ಕುರಿತೂ ಸ್ವಲ್ಪ ಹೇಳಬೇಕು. ಏಣಿ ಹನ್ನೆರಡು ಅಡಿ ಎತ್ತರದಲ್ಲಿ ಗೋಡೆಗೆ ಒರಗಿದರೆ ಅದರ ಬುಡ ಗೋಡೆಯಿಂದ ಮೂರು ಅಡಿ ದೂರವಿರಬೇಕು, ನಾಲ್ಕಕ್ಕೆ ಒಂದರ ಲೆಕ್ಕ. ಒರಗುವುದು ಗೋಡೆಗೆ ಅಥವಾ ಕಂಬಕ್ಕೆ, ಗಾಜಿಗೆ ಎಂದೂ ಅಲ್ಲ. ಮೇಲ್ತುದಿಯನ್ನು ಹಗ್ಗದಿಂದ ಕಟ್ಟಬೇಕು. ಹತ್ತಿದವನ ಹೊಕ್ಕುಳು ಏಣಿಯ ಎರಡು ಕಾಲುಗಳ ನಡುವೆಯೇ ಇರಬೇಕು. ‘ಇನ್ನು ಒಂದು ಗೇಣು’ ಎಂದು ಪಕ್ಕಕ್ಕೆ ವಾಲಿದಾಗಲೇ ಗಾಳಿಗೆ ಅವಕಾಶ ಸಿಗುವುದು. ನಮ್ಮ ಹೊಟೇಲುಗಳಲ್ಲಿ ಇನ್ನೊಂದು ತೊಂದರೆಯಿದೆ. ಬಾಗಿಲ ಮುಂದೆ ನುಣುಪಾದ ಗ್ರಾನೈಟ್. ಗಾಜಿಗೆ ಹಾಕಿದ ಸಾಬೂನು ನೀರು ಇಳಿದು ಬಂದು ಏಣಿಯ ಬುಡಕ್ಕೇ ಸೇರುತ್ತದೆ. ಏಣಿಯ ಕಾಲಿನ ರಬ್ಬರ್ ಸವೆದಿದ್ದರೆ ಗಾಳಿಯೂ ಬೇಕಾಗಿಲ್ಲ. ಬಿದಿರಿನ ಏಣಿ ಭಾರವಾಗಿದ್ದು ಗಟ್ಟಿ ಎಂದು ನಂಬುವವರಿದ್ದಾರೆ. ಇಲ್ಲಿಯ ಬಿಸಿಲಿಗೆ ಬಿದಿರು ಒಣಗಿ ಕುಗ್ಗಿದಾಗ ಮೆಟ್ಟಿಲಿನ ಕಟ್ಟು ಸಡಿಲವಾಗುವುದನ್ನು ಅವರು ಗಮನಿಸಿದಂತಿಲ್ಲ. ಅಲ್ಯೂಮಿನಿಯಂ ಏಣಿ ಹಗುರ, ಯಾರೂ ಹತ್ತಿರದಿದ್ದರೆ ಗಾಳಿಗೆ ತಾನಾಗಿ ಉರುಳಿ ದಾರಿಹೋಕರ ಮೇಲೆ ಬೀಳುತ್ತದೆ. ವಿದ್ಯುತ್ ತಂತಿ ತಗುಲಿದರೆ ಕಥೆಯೇ ಮುಗಿಯಿತು. ಕೆಲಸ ನಿಂತರೆ ಅದನ್ನು ನೆಲಕ್ಕೆ ಮಲಗಿಸಬೇಕು.

ಕೆಳಗೆ ಒಬ್ಬ ಹಿಡಿದುಕೊಂಡರೆ ಸಾಕು ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಧೂಳುಗಾಳಿ ಬೀಸಿದಾಗ ಹಿಡಿದವನ ಕಣ್ಣಿಗೂ ಧೂಳು ಬೀಳುತ್ತದೆ. ಆತ ಮೊದಲು ಮಾಡುವ ಕೆಲಸ ಏಣಿ ಬಿಟ್ಟು ಕಣ್ಣುಜ್ಜಿಕೊಳ್ಳುವುದು.

ಎಲ್ಲಕ್ಕಿಂತ ಒಳ್ಳೆಯದು ಏಣಿಯನ್ನೇ ಹತ್ತದಿರುವುದು. ಬ್ರಿಟನ್ನಿನಲ್ಲಿ 2005ರಲ್ಲಿ ಬಂದ ಎತ್ತರದ ಕೆಲಸದ ನಿಯಮಗಳು ಹೇಳುವ ಮೊದಲ ಮಾತೇ ಇದು: ನೆಲದಲ್ಲಿ ನಿಂತು ಆಗುವ ಕೆಲಸಕ್ಕೆ ಎತ್ತರ ಹತ್ತಬೇಡಿ. ಅಲ್ಲಿಯ ಅನೇಕ ಕಿಟಕಿ ಒರೆಸುವವರು ಈಗ ನೀರು ಹಾಯುವ ಉದ್ದ ಕೋಲಿನ ಬ್ರಶ್ಶಿನಿಂದ ಕೆಳಗೆ ನಿಂತೇ ಕೆಲಸ ಮುಗಿಸುತ್ತಾರೆ. ನಮ್ಮ ಹದಿನೈದು ಅಡಿಯ ಗಾಜಿಗೆ ಉದ್ದ ಮಾಡಬಲ್ಲ ಕೋಲಿನ ವೈಪರ್ ಸಾಕು. ಆಸ್ಪತ್ರೆಯ ಒಂದು ದಿನದ ಖರ್ಚಿಗೆ ಹೋಲಿಸಿದರೆ ಅದರ ಬೆಲೆ ಏನೇನೂ ಅಲ್ಲ. ಸೂರತ್ ಡೈಮಂಡ್ ಬೋರ್ಸಿನಂಥ ಗಗನಚುಂಬಿಗಳ ಮಾತು ಬೇರೆ. ಅಂಥಲ್ಲಿ ಕೆಲಸ ಏಣಿಯದ್ದಲ್ಲ, ಹಗ್ಗ-ತೊಟ್ಟಿಲಿನದ್ದು, ಅದಕ್ಕೆ ತರಬೇತಾದವರೇ ಬೇಕು.

ಇಷ್ಟೆಲ್ಲ ಇದ್ದರೂ ಮೂಲ ಪ್ರಶ್ನೆ ಉಳಿಯುತ್ತದೆ. ಇಳಿಯಬೇಕೆಂದು ತೀರ್ಮಾನಿಸುವವರು ಯಾರು? ಊರಿನಲ್ಲಿ ಅಡಿಕೆ ಕೊಯ್ಲಿಗೆ ಬರುವ ಕೊನೆಗಾರನನ್ನು ನೆನಪಿಸಿಕೊಳ್ಳಿ. ಆತ ಅಂಗಳದಲ್ಲಿ ನಿಂತು ಆಕಾಶ ನೋಡುತ್ತಾನೆ, ಮರದ ತುದಿ ನೋಡುತ್ತಾನೆ. ಗಾಳಿ ಇದೆ, ಮರ ಒದ್ದೆ ಇದೆ ಎಂದರೆ ‘ಇವತ್ತು ಆಗುವುದಿಲ್ಲ ಭಟ್ರೇ’ ಎನ್ನುತ್ತಾನೆ. ಎಷ್ಟೇ ದೊಡ್ಡ ತೋಟದ ಧನಿಯೂ ಅದಕ್ಕೆ ಎದುರಾಡುವುದಿಲ್ಲ, ಕಾಫಿ ಕೊಟ್ಟು ಕಳಿಸುತ್ತಾರೆ. ಅದೇ ಊರಿನಿಂದ ಬಂದ ನಾವು ಇಲ್ಲಿ ಹೊಟೇಲು ಹುಡುಗನಿಗೆ ಆ ಮರ್ಯಾದೆ ಕೊಡುತ್ತಿಲ್ಲ. ಈಗಂತೂ ಊರಿನ ಹುಡುಗರು ಬರುವುದು ಕಡಿಮೆ. ಏಣಿಯ ಮೇಲಿರುವವನು ಒಡಿಶಾದವನೋ ಬಿಹಾರದವನೋ ಆಗಿರುತ್ತಾನೆ, ಇಳಿಯಲೇ ಎಂದು ಕೇಳಲೂ ಹಿಂಜರಿಯುತ್ತಾನೆ.

ಕಾನೂನು ಇಲ್ಲವೆಂದಲ್ಲ. 2025ರ ನವೆಂಬರ್ 21ರಿಂದ ಜಾರಿಗೆ ಬಂದ ಔದ್ಯೋಗಿಕ ಸುರಕ್ಷತಾ ಸಂಹಿತೆಯಂತೆ, ತಕ್ಷಣದ ಗಂಭೀರ ಅಪಾಯ ಕಂಡ ನೌಕರ ಮಾಲೀಕನ ಗಮನಕ್ಕೆ ತರಬಹುದು, ಮಾಲೀಕ ಕೂಡಲೇ ಕ್ರಮ ಕೈಗೊಳ್ಳಬೇಕು. ಆದರೆ ಅದು ಅನ್ವಯಿಸುವುದು ಸಾಮಾನ್ಯವಾಗಿ ಹತ್ತು ಅಥವಾ ಹೆಚ್ಚು ಕೆಲಸಗಾರರಿರುವಲ್ಲಿಗೆ. ಆರು ಜನರ ಸಣ್ಣ ಹೊಟೇಲಿನಲ್ಲಿ ಮಾಲೀಕರ ಬಾಯಿಮಾತೇ ಕಾನೂನು. ಆ ಬಾಯಿಮಾತು ಹೀಗಿರಲಿ: ‘ನಿನಗೆ ಬೇಡವೆನಿಸಿದರೆ ಇಳಿ, ಕೇಳಬೇಕಾಗಿಲ್ಲ, ಸಂಬಳ ಮುರಿಯುವುದಿಲ್ಲ.’

ವಿಮೆಯ ಬಗ್ಗೆ ಒಂದು ತಪ್ಪು ತಿಳಿವಳಿಕೆ ಇದೆ. ಆ ಕಾರ್ಕಳದ ಹುಡುಗ ಊರುಗೋಲಿನಲ್ಲಿ ಬ್ಯಾಂಕಿಗೆ ಬಂದು ಪಾಸ್‌ಬುಕ್ ಮುಂದಿಟ್ಟ. ‘ವಿಮೆಯ ಹಣ ಕಟ್ಟಾಗಿದೆಯಲ್ಲ ಸರ್, ನನಗೆ ಎಷ್ಟು ಸಿಗ್ತದೆ?’ ಏನೂ ಇಲ್ಲ ಎಂದು ನಾನೇ ಹೇಳಬೇಕಾಯಿತು. ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆ (ಕಂತು 2022ರ ಜೂನ್‌ನಿಂದ ವರ್ಷಕ್ಕೆ 20 ರೂಪಾಯಿ, ಮೊದಲು 12 ಇತ್ತು) ಅಪಘಾತದಲ್ಲಿ ಸತ್ತರೆ ಎರಡು ಲಕ್ಷ ಕೊಡುತ್ತದೆ. ಒಂದು ಕಣ್ಣೋ ಒಂದು ಕೈಯೋ ಒಂದು ಪಾದವೋ ಶಾಶ್ವತವಾಗಿ ಹೋದರೆ ಒಂದು ಲಕ್ಷ. ಮೂಳೆ ಮುರಿದರೆ, ಆರು ತಿಂಗಳು ಮಲಗಿದರೆ ಏನೂ ಇಲ್ಲ. ಆಸ್ಪತ್ರೆಯ ಬಿಲ್ಲೂ ಅದರಲ್ಲಿ ಬರುವುದಿಲ್ಲ. ಹಾಗೆಂದು ಅದನ್ನು ಬಿಡಬೇಡಿ. ಆದರೆ ‘ಹುಡುಗರಿಗೆಲ್ಲ ವಿಮೆ ಮಾಡಿಸಿದ್ದೇವೆ’ ಎಂದು ನಿಶ್ಚಿಂತರಾಗಬೇಡಿ. ಏಣಿಯಿಂದ ಬಿದ್ದವರು ಹೆಚ್ಚಾಗಿ ಮುರಿದುಕೊಳ್ಳುವುದು ಕಾಲು, ಕೈ, ಸೊಂಟವನ್ನೇ.

ಉತ್ತರಾಯಣದ ವಿಷಯವನ್ನೂ ಮರೆಯುವಂತಿಲ್ಲ. ಜನವರಿ 14, 15ರಂದು ಇಡೀ ಗುಜರಾತು ಗಾಳಿಯನ್ನೇ ಬೇಡಿಕೊಳ್ಳುತ್ತದೆ. ಬೋರ್ಡಿಗೆ, ಎಸಿ ಯಂತ್ರಕ್ಕೆ ಸಿಕ್ಕಿದ ಗಾಳಿಪಟ ತೆಗೆಯಲು ಮರುದಿನ ಹುಡುಗರನ್ನು ಏಣಿ ಹತ್ತಿಸುವ ಪದ್ಧತಿ ಇದೆ. ಗಾಳಿ ಇನ್ನೂ ಇರುತ್ತದೆ, ಮಾಂಜಾ ಕತ್ತಿಯಂತೆ ಕುತ್ತಿಗೆಯ ಮಟ್ಟದಲ್ಲೇ ತೂಗುತ್ತಿರುತ್ತದೆ. ನೈಲಾನ್ ಮಾಂಜಾವನ್ನು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2017ರಲ್ಲೇ ನಿಷೇಧಿಸಿದ್ದರೂ ಅದು ಇನ್ನೂ ಕಾಣಸಿಗುತ್ತದೆ. ಗಾಳಿಪಟ ನಾಲ್ಕು ದಿನ ಅಲ್ಲೇ ಇದ್ದರೆ ನಷ್ಟವೇನೂ ಇಲ್ಲ. ದೀಪಾವಳಿಗೆ ಫ್ಲ್ಯಾಟಿನ ಕಿಟಕಿ ಒರೆಸಲು ಛಜ್ಜಾದ ಮೇಲೆ ಇಳಿದು ನಿಲ್ಲುವ ಗೃಹಸ್ಥರಿಗೂ ಈ ಮಾತು ಅನ್ವಯಿಸುತ್ತದೆ.

ಅಹಮದಾಬಾದ್, ಬರೋಡ, ಸೂರತ್‌ನ ನಮ್ಮ ಸಂಘಗಳು ರಕ್ತದಾನ ಶಿಬಿರ, ಕಣ್ಣಿನ ತಪಾಸಣೆ, ಪುಸ್ತಕ ವಿತರಣೆಯನ್ನು ಶ್ರದ್ಧೆಯಿಂದ ನಡೆಸುತ್ತ ಬಂದಿವೆ. ಮುಂದಿನ ಮಾರ್ಚಿನೊಳಗೆ, ಅಂದರೆ ಗಾಳಿಯ ತಿಂಗಳು ಬರುವ ಮೊದಲು, ಒಂದು ಭಾನುವಾರ ಬೆಳಿಗ್ಗೆ ಅಗ್ನಿಶಾಮಕ ದಳದವರನ್ನು ಕರೆಸಿ ಏಣಿಯ ಪ್ರಾತ್ಯಕ್ಷಿಕೆ ಏರ್ಪಡಿಸಲಿ. ಹಿಂದಿಯಲ್ಲೇ ನಡೆಯಲಿ, ಏಣಿ ಹತ್ತುವವರಿಗೆ ಅರ್ಥವಾಗಬೇಕು. ವೇದಿಕೆ, ಹಾರ, ಶಾಲು ಬೇಡ. ಉದ್ಯಮಿಗಳು ಹುಡುಗರನ್ನು ಕಳಿಸಿ ಸುಮ್ಮನಾಗದೆ ತಾವೂ ಬರಲಿ, ಗಲ್ಲಾದಲ್ಲಿ ಕೂರುವ ಮ್ಯಾನೇಜರರನ್ನು ತಪ್ಪದೆ ಕರೆತರಲಿ.