ಹಲಗೆಯ ಆಟ, ಹೊಣೆಯ ಪಾಠ

ಮಸ್ಕಿಯ ಬಂಡೆಯ ಮೇಲಣ ಅಶೋಕನ ಶಾಸನವು ೧೯೧೫ರಲ್ಲಿ ಬೆಳಕಿಗೆ ಬಂದಾಗ ವಿದ್ವಜ್ಜನರು ಅದರಲ್ಲಿ ಅರಸನ ಹೆಸರನ್ನು ಕಂಡು ಹರ್ಷಿಸಿದರು. ಆ ಹೆಸರಿಗಿಂತಲೂ ಹಿರಿದಾದ ವಿಚಾರವೊಂದು ಅಲ್ಲಿದೆ. ಉನ್ನತವಾದ ಫಲವು ದೊಡ್ಡವರಿಗೆ ಮಾತ್ರ ಮೀಸಲಾದುದಲ್ಲ, ಧರ್ಮದಲ್ಲಿ ತೊಡಗಿದ ಕಿರಿಯನಿಗೂ ಎಟುಕತಕ್ಕದ್ದು ಎಂಬುದೇ ಅದರ ತಾತ್ಪರ್ಯ. ಸಿಂಧನೂರು, ಲಿಂಗಸುಗೂರು, ಮಸ್ಕಿಗಳ ಹಿರಿಯರು ಕಿರಿಯರ ಆಟದ ವಿಷಯದಲ್ಲಿ ತೀರ್ಪು ನೀಡುವ ಮುನ್ನ ಇದನ್ನೊಮ್ಮೆ ಸ್ಮರಿಸುವುದು ಯುಕ್ತ.

ಎರಡು ಮೊಳಕ್ಕೆ ತುಸು ಕಡಿಮೆಯಾದ ಹಲಗೆ, ಅದರಡಿ ನಾಲ್ಕು ಗಾಲಿ: ಸ್ಕೇಟ್‌ಬೋರ್ಡ್ ಎಂಬುದಿಷ್ಟೆ. ೨೦೨೧ರಲ್ಲಿ ಜರುಗಿದ ಟೋಕಿಯೋ ಒಲಿಂಪಿಕ್ಸ್‌ನಲ್ಲಿ ಈ ಕ್ರೀಡೆಗೆ ಮೊದಲ ಸಲ ಸ್ಥಾನ ದೊರೆಯಿತು. ಜಪಾನಿನ ೧೩ ವರ್ಷದ ಬಾಲಿಕೆ ಮೊಮಿಜಿ ನಿಶಿಯಾ ಚಿನ್ನದ ಪದಕ ಪಡೆದಳು. ಆದರೆ ಪದಕಕ್ಕಿಂತ ವಿಚಾರಾರ್ಹವಾದುದು ಬೇರೆ. ಆಟದ ನೆಲವನ್ನು ಆಡುವವರೇ ಕೇಳಿ, ಕಟ್ಟಿ, ಕಾಯ್ದುಕೊಂಡು ಬಂದ ಬಗೆಯೇ ಅದು.

ಅಮೆರಿಕದ ಪೋರ್ಟ್‌ಲೆಂಡಿನಲ್ಲಿ ೧೯೯೦ರಲ್ಲಿ ತರುಣರು ಬರ್ನ್‌ಸೈಡ್ ಸೇತುವೆಯ ಕೆಳಗಣ ಹಾಳುಜಾಗದಲ್ಲಿ ತಾವೇ ಕಾಂಕ್ರೀಟು ಸುರಿದು ಅಂಕಣ ಕಟ್ಟಿದರು; ನಗರಾಡಳಿತವು ಬಳಿಕ ಅದನ್ನೊಪ್ಪಿತು. ಲಂಡನ್ನಿನ ಸೌತ್‌ಬ್ಯಾಂಕಿನಲ್ಲಿ ಆಟದ ಜಾಗವನ್ನು ಅಂಗಡಿಗಳಾಗಿಸುವ ಯೋಜನೆ ಹುಟ್ಟಿದಾಗ ಆಟಗಾರರು ಚಳವಳಿ ಹೂಡಿ, ೨೦೧೪ರಲ್ಲಿ ಅದನ್ನು ಉಳಿಸಿಕೊಂಡರು. ಬೆಂಗಳೂರಿನಲ್ಲಿ ಹೋಲಿಸ್ಟೋಕ್ಡ್ ಎಂಬ ಹೆಸರಿನಡಿ ಕೂಡಿದ ಯುವಕರು ೨೦೧೩ರಲ್ಲಿ, ಹೊರದೇಶಗಳಿಂದ ಬಂದ ಅನುಭವಿಗಳೊಡನೆ ದುಡಿದು, ಸ್ಕೇಟ್ ಅಂಕಣವೊಂದನ್ನು ನಿರ್ಮಿಸಿದರು. ಅದೇ ನಗರದ ಅತೀತಾ ವರ್ಗೀಸ್ ೨೦೧೫ರಲ್ಲಿ 'ಗರ್ಲ್ ಸ್ಕೇಟ್ ಇಂಡಿಯಾ'ವನ್ನು ಆರಂಭಿಸಿ ಹೆಣ್ಣುಮಕ್ಕಳನ್ನು ಈ ಆಟಕ್ಕೆ ಕರೆತಂದರು. ಮಧ್ಯಪ್ರದೇಶದ ಪನ್ನಾ ಜಿಲ್ಲೆಯ ಜನವಾರ್ ಎಂಬ ಹಳ್ಳಿಯಲ್ಲಿ ಜರ್ಮನಿಯ ಉಲ್ರಿಕೆ ರೈನ್‌ಹಾರ್ಡ್ ೨೦೧೫ರಲ್ಲಿ ಕಟ್ಟಿಸಿದ ಅಂಕಣಕ್ಕೆ ಎರಡೇ ನಿಯಮ: ಶಾಲೆಗೆ ಹೋಗದವರಿಗೆ ಹಲಗೆಯಿಲ್ಲ; ಮೊದಲ ಸರದಿ ಹೆಣ್ಣುಮಕ್ಕಳದು. ಆ ಹಳ್ಳಿಯ ಆಶಾ ಗೊಂಡ್ ೨೦೧೮ರಲ್ಲಿ ಚೀನಾದ ನಾನ್‌ಜಿಂಗ್‌ವರೆಗೆ ಸ್ಪರ್ಧೆಗೆ ಹೋಗಿಬಂದಳು.

ಇದು ಪರದೇಶದ ಆಟ, ಕೈಕಾಲು ಮುರಿಯುವ ಆಟ, ಹಣವಂತರ ಆಟವೆಂಬ ಮೂರು ಆಕ್ಷೇಪಗಳು ಸಹಜ. ಮೊದಲನೆಯದಕ್ಕೆ ಕ್ರಿಕೆಟ್ಟೇ ಉತ್ತರ. ಎರಡನೆಯದು ನಿಜ, ಶಿರಸ್ತ್ರಾಣ, ಮೊಣಕಾಲ ಕವಚಗಳಿಲ್ಲದೆ ಯಾರನ್ನೂ ಹಲಗೆಯೇರಗೊಡಬಾರದು. ಆದರೆ ಲಾರಿ, ಟ್ರ್ಯಾಕ್ಟರುಗಳೋಡುವ ಹೆದ್ದಾರಿಯ ಅಂಚಿನಲ್ಲಿ ಆಡುವ ಬಾಲಕನಿಗೊದಗುವ ಅಪಾಯ ಇದಕ್ಕಿಂತ ಘೋರವಾದುದು. ಮೂರನೆಯದಕ್ಕೂ ಪರಿಹಾರವುಂಟು. ಹಲಗೆಗಳು ಸಂಘದ ಸ್ವತ್ತಾಗಿದ್ದು, ನುಣುಪಾದ ಸಮತಟ್ಟು ನೆಲವೊಂದು ದೊರೆತರೆ ಆರಂಭಕ್ಕೆ ಅಷ್ಟು ಸಾಕು. ಇಳಿಜಾರು, ಕಮಾನುಗಳು ಅನಂತರದ ಮಾತು.

ಗರಡಿಮನೆಯನ್ನು ಬಲ್ಲ ನಾಡಿಗೆ ಇದರ ಒಳಗುಟ್ಟು ಹೊಸದಲ್ಲ. ಕೆಮ್ಮಣ್ಣು ಹೊತ್ತು ತಂದು, ಹದಮಾಡಿ, ಕಸಗುಡಿಸಿ, ಪಾದರಕ್ಷೆಯನ್ನು ಹೊರಗೆ ಬಿಟ್ಟು ಒಳಹೊಗುವ ಪೈಲ್ವಾನನು ಮಟ್ಟಿಗೆ ಮೊದಲು ಸೇವಕ, ಅನಂತರ ಮಲ್ಲ. ಸ್ಕೇಟ್ ಅಂಕಣವೂ ಅಂತಹುದೇ. ಕಡಲೆಗಾತ್ರದ ಹರಳೊಂದು ಗಾಲಿಗೆ ಅಡ್ಡವಾದರೆ ಹಲಗೆ ನಿಂತುಬಿಡುತ್ತದೆ, ಆಡುವವನು ಮುಂದಕ್ಕೆ ಉರುಳುತ್ತಾನೆ. ಆದಕಾರಣ ಇಲ್ಲಿಯ ಪ್ರಥಮ ಪಾಠ ಪೊರಕೆಯದು. ಬಿರುಕು ಬಿಟ್ಟಲ್ಲಿ ಮುಚ್ಚುವವನು, ಸರದಿಯನ್ನು ಕಾಯುವವನು, ಬಿದ್ದವನನ್ನೆತ್ತುವವನು ಆಟಗಾರನೇ. ಗುತ್ತಿಗೆದಾರನು ಕಟ್ಟಿ, ಬೀಗ ಜಡಿದು ಹೋದ ಕ್ರೀಡಾಂಗಣವು ಕಲಿಸಲಾರದ ವಿದ್ಯೆಯಿದು.

ಕೇಳುವುದಕ್ಕೂ ಒಂದು ಕ್ರಮವುಂಟು. ಕರ್ನಾಟಕದ ೧೯೮೫ರ ಉದ್ಯಾನ, ಆಟದ ಮೈದಾನ ಹಾಗೂ ಬಯಲು ಜಾಗಗಳ ಸಂರಕ್ಷಣಾ ಅಧಿನಿಯಮವು, ಸ್ಥಳೀಯ ಸಂಸ್ಥೆಗಳು ಇಂತಹ ಜಾಗಗಳ ಪಟ್ಟಿಯನ್ನು ಸಿದ್ಧಪಡಿಸಬೇಕೆಂದು ವಿಧಿಸುತ್ತದೆ. ತರುಣರು ಘೋಷಣೆ ಕೂಗುವ ಮೊದಲು ಆ ಪಟ್ಟಿಯನ್ನು ಕೇಳಿ ಪಡೆಯಲಿ, ಜಾಗವನ್ನು ಗುರುತಿಸಲಿ, ಸಹಿ ಮಾಡಿದ ಮನವಿಯನ್ನು ಸಲ್ಲಿಸಲಿ, ಬಂದ ಹಣದ ಲೆಕ್ಕವನ್ನು ಊರ ಮುಂದೆ ತೆರೆದಿಡಲಿ. ನೆಲವನ್ನು ಕೊಟ್ಟ ಹಿರಿಯರು ಅದರ ಆಡಳಿತವನ್ನೂ ಕೊಡಲಿ. ಕೊಟ್ಟ ಕೈಯಲ್ಲೇ ಬೀಗದಕೈಯನ್ನು ಉಳಿಸಿಕೊಂಡರೆ ಅದು ದಾನವೆನಿಸದು.

ಒಂದು ಎಚ್ಚರಿಕೆ ಮಾತ್ರ ಅವಶ್ಯ. ಕಟ್ಟಿದ ಹುಡುಗರು ಓದಿಗೋ ಉದ್ಯೋಗಕ್ಕೋ ಬೆಂಗಳೂರು, ಹೈದರಾಬಾದುಗಳಿಗೆ ಹೊರಟುಹೋದರೆ ಅಂಕಣ ಅನಾಥವಾಗುತ್ತದೆ. ಹದಿನೆಂಟರವನು ಹೊರಡುವ ಮುನ್ನ ಹದಿಮೂರರವಳ ಕೈಗೆ ಪೊರಕೆಯನ್ನೂ ಲೆಕ್ಕದ ಪುಸ್ತಕವನ್ನೂ ಒಪ್ಪಿಸಿರಬೇಕು. ಅಷ್ಟಾದರೆ, ಕಿರಿಯನಿಗೂ ಹಿರಿದಾದುದು ಎಟುಕೀತೆಂಬ ಮಸ್ಕಿಯ ಬಂಡೆಯ ಮಾತು ಅದೇ ಸೀಮೆಯ ಮಕ್ಕಳ ನಡೆಯಲ್ಲಿ ನಿಜವಾದೀತು.